ಅಪ್‌ಡೇಟ್: ಮ್ಯಾಕ್‌ಗ್ರೆಗರ್ ಮನೆಯಲ್ಲಿ ಡ್ರಮಂಡ್ ಎಲ್ಲಿಂದ ಬಂದ?

ಹೋದ ವಾರ ಕೇಳಿದ್ದೆ, ನೆನಪಿದೆಯಾ? ನಮ್ಮ ಭಾವ ಗ್ಲಾಸ್ಗೋದವರು, ಮನೆ ಹೆಸರು ಮ್ಯಾಕ್‌ಗ್ರೆಗರ್. ಆದರೆ ಅವರ ಮನೆಯ ಹಳೇ ಬೈಬಲ್‌ನಲ್ಲಿ ಹಿರಿಯರೆಲ್ಲ ಡ್ರಮಂಡ್! ಅಂತೂ ಗಂಟು ಬಿಚ್ಚಿತು.

'ಎರಡು ಹೆಸರಲ್ಲೂ ಹುಡುಕಿ, ಮ್ಯಾಕ್‌ಗ್ರೆಗರ್ ಹೆಸರಿಗೆ ನಿಷೇಧ ಇತ್ತು' ಅಂದವರಿಗೆ ದೊಡ್ಡ ನಮಸ್ಕಾರ. 1603ರಲ್ಲಿ ಗ್ಲೆನ್ ಫ್ರುಯಿನ್ ಕಣಿವೆಯಲ್ಲಿ ಮ್ಯಾಕ್‌ಗ್ರೆಗರ್‌ಗಳು ಕಹೂನ್ ಕುಲದವರನ್ನು ಬಡಿದರು. ಸ್ಕಾಟ್‌ಲೆಂಡಿನ ರಾಜ ಆರನೇ ಜೇಮ್ಸ್‌ಗೆ ಸಿಟ್ಟು ಬಂತು. ಆ ಹೆಸರು ಇಟ್ಟುಕೊಂಡರೆ ಮರಣದಂಡನೆ! ಜನ ಡ್ರಮಂಡ್, ಮರ್ರೆ, ಗ್ರಹಾಂ, ಕ್ಯಾಂಪ್‌ಬೆಲ್ ಅಂತ ಬದಲಾಯಿಸಿಕೊಂಡರು. ಆ ಕುಲದ ಹೆಸರಾಂತ ಬಂಡುಕೋರ ರಾಬ್ ರಾಯ್ ಕೂಡ ತಾಯಿಯ ಕಡೆಯ ಕ್ಯಾಂಪ್‌ಬೆಲ್ ಹೆಸರು ಬಳಸಿದ್ದ. 1661ರಲ್ಲಿ ನಿಷೇಧ ಹೋಯಿತು, 1693ರಲ್ಲಿ ಮತ್ತೆ ಬಂತು, ಪೂರ್ತಿ ತೆಗೆದಿದ್ದು 1774ರಲ್ಲಿ. ಸ್ಕಾಟ್‌ಲೆಂಡ್ಸ್‌ಪೀಪಲ್ ತಾಣದಲ್ಲಿರುವ ಹಳೇ ಚರ್ಚ್ ದಾಖಲೆಯಲ್ಲಿ ನೋಡಿದರೆ ಅದೇ ಅಪ್ಪ-ಅಮ್ಮ, ಅದೇ ಊರು. ದೊಡ್ಡ ಮಗ ಡ್ರಮಂಡ್, 1774ರ ನಂತರ ಹುಟ್ಟಿದ ತಮ್ಮ ಮ್ಯಾಕ್‌ಗ್ರೆಗರ್!

ಟಾರ್ಟನ್ ಅನ್ನೋ ಸ್ಕಾಟಿಷ್ ಬಟ್ಟೆಯ ಚೌಕಳಿ ನೋಡಿ ಅಂತ ಕೆಲವರು ಅಂದಿದ್ರಲ್ಲ, ಅದು ಉಪಯೋಗಕ್ಕೆ ಬರಲಿಲ್ಲ. ಕುಲಕ್ಕೊಂದು ಚೌಕಳಿ ಅನ್ನೋದು ಜಾಸ್ತಿ 19ನೇ ಶತಮಾನದ ಫ್ಯಾಷನ್ನಂತೆ. ಒಂದು ತಾಣದ ರೆಡಿಮೇಡ್ ವಂಶವೃಕ್ಷಕ್ಕೆ ಸುಮ್ನೆ ದುಡ್ಡು ಕೊಟ್ಟೆ, ಅದರಲ್ಲಿದ್ದದ್ದು ಬೇರೆ ಯಾರದೋ ಮನೆತನ.

'ಮ್ಯಾಕ್' ಅಂದರೆ ಮಗ ಅಂತ ಗೊತ್ತಿತ್ತು. ಅಲ್ಲಿನ ಹಳೇ ಭಾಷೆ ಗೇಲಿಕ್‌ನಲ್ಲಿ ಹೆಣ್ಣುಮಕ್ಕಳಿಗೆ 'ನಿಕ್' ಅಂತೆ. ಅಕ್ಕನಿಗೆ ಹೇಳಿದರೆ, 'ನಾನು ಮದುವೆಯಾದ್ರೂ ಅಪ್ಪನ ಹೆಸರೇ ಇಟ್ಕೊಂಡಿದ್ದೀನಿ, ಬಿಡು' ಅಂದಳು.