ಮೂವತ್ತು ಡ್ರಿಪ್ಪುಗಳ ಜಗಳ

ಕಳೆದ ಭಾನುವಾರ ಬೆಳಿಗ್ಗೆ ಸಕಲೇಶಪುರದ ದೊಡ್ಡಪ್ಪ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಕಳುಹಿಸಿದರು. ಬೈಪಾಸ್ ಬೇಡ, ಸ್ಟೆಂಟ್ ಬೇಡ, ಮೂವತ್ತು ಡ್ರಿಪ್ಪುಗಳಲ್ಲಿ ಹೃದಯದ ರಕ್ತನಾಳಗಳು ತೊಳೆದಂತಾಗುತ್ತವೆ, ಮೈಯಲ್ಲಿನ ಲೋಹಗಳನ್ನು ಔಷಧದಿಂದ ಹಿಡಿದು ಹೊರಹಾಕುವ ಈ ಕೀಲೇಷನ್ ಚಿಕಿತ್ಸೆಯನ್ನು 1,708 ರೋಗಿಗಳ ಮೇಲೆ ನಡೆದ ಅಮೆರಿಕದ ಅಧ್ಯಯನವೇ ಒಪ್ಪಿದೆ ಎಂಬುದು ಅದರ ಸಾರ. ಅದರ ಕೆಳಗೆ ದೊಡ್ಡಪ್ಪನ ಸ್ವಂತದ ಸಾಲೊಂದಿತ್ತು: "ಅಪ್ಪಾಜಿಗೆ ಇದನ್ನು ಕೊಡಿಸಬಾರದೇಕೆ?"

ಅಪ್ಪಾಜಿ ಎಂದರೆ ನಮ್ಮ ತಾತ. ವಯಸ್ಸು 84, ಹಳೆಯ ಸಕ್ಕರೆ ಕಾಯಿಲೆ, ಒಮ್ಮೆ ಹೃದಯಾಘಾತವಾಗಿದೆ. ಎರಡು ತಿಂಗಳ ಹಿಂದೆ ಕಾಲು ಊದಿ, ಉಸಿರು ಕಟ್ಟಿ, ಹಾಸನದಲ್ಲಿ ಆರು ದಿನ ಆಸ್ಪತ್ರೆಯಲ್ಲಿದ್ದರು. ಹತ್ತು ನಿಮಿಷಗಳಲ್ಲಿ ಏಳು ಕೈಮುಗಿಯುವ ಚಿತ್ರಗಳು ಬಂದವು. ಅಷ್ಟು ಹೊತ್ತಿನಲ್ಲಿ ಆ ಉದ್ದದ ಸಂದೇಶವನ್ನು ಯಾರೂ ಪೂರ್ತಿ ಓದಿರಲಾರರು.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಎಂದಿನಂತೆ, "ಇದರ ಮೂಲ ಯಾವುದು, ದೊಡ್ಡಪ್ಪ?" ಎಂದು ಕೇಳಿದ. ದೊಡ್ಡಪ್ಪ ತಡಮಾಡಲಿಲ್ಲ. "ಅಪ್ಪಾಜಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀನು ಯಾವ ದಿನ ನೋಡಲು ಬಂದಿದ್ದೆ ಎಂಬುದರ ಮೂಲವನ್ನು ಮೊದಲು ಕೊಡು, ಆಮೇಲೆ ನಾನು ಕೊಡುತ್ತೇನೆ." ನಿವೃತ್ತ ಮೇಷ್ಟರಾದ ಅರಕಲಗೂಡಿನ ಮಾವ, ಹಿರಿಯರು ಕಾಳಜಿಯಿಂದ ಹೇಳಿದ್ದನ್ನು ಕಿರಿಯರು ಪರೀಕ್ಷೆಗೆ ಒಡ್ಡುವುದು ಸಲ್ಲದೆಂದೂ, ಹಿತ್ತಲ ಗಿಡ ಮದ್ದಲ್ಲ ಎನ್ನುವ ಧೋರಣೆಯೇ ನಮ್ಮನ್ನು ಕೆಡಿಸಿತೆಂದೂ ಬರೆದರು. ಆ ಡ್ರಿಪ್ಪಿನಲ್ಲಿರುವ ಇ.ಡಿ.ಟಿ.ಎ. ಎಂಬ ರಾಸಾಯನಿಕ ಯಾರ ಹಿತ್ತಲಲ್ಲಿಯೂ ಬೆಳೆಯುವುದಿಲ್ಲ ಎಂದು ನಾನು ಬರೆದು, ಅಳಿಸಿದೆ.

ಹಾಸನದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿರುವುದರಿಂದ ಇಂಥ ಹೊತ್ತಿನಲ್ಲಿ ಎಲ್ಲರೂ ನನ್ನ ಕಡೆ ತಿರುಗುತ್ತಾರೆ, ನಾನು ಹೇಳಿದ ಮೇಲೆ ಮುನಿಸಿಕೊಳ್ಳುತ್ತಾರೆ. ಕೀಲೇಷನ್ ಸುಳ್ಳು ವೈದ್ಯವಲ್ಲವೆಂಬುದನ್ನೇ ಮೊದಲು ಬರೆದೆ. ಥಲಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಗುವೊಂದರ ತಾಯಿ ಪ್ರತಿ ತಿಂಗಳೂ ನಮ್ಮಲ್ಲಿ ಡೆಫೆರಾಸಿರಾಕ್ಸ್ ಮಾತ್ರೆ ಕೊಳ್ಳುತ್ತಾರೆ. ಅದನ್ನು ನೀರಿನಲ್ಲಿ ಕದಡಿ ಕುಡಿಸಿದರೆ, ಪದೇ ಪದೇ ರಕ್ತ ಕೊಡಿಸಿದ್ದರಿಂದ ಮೈಯಲ್ಲಿ ಸೇರಿದ ಕಬ್ಬಿಣಾಂಶ ಹೊರಹೋಗುತ್ತದೆ. ಸೀಸದ ವಿಷವೇರಿದವರಿಗೂ ಕೀಲೇಷನ್ನೇ ಮದ್ದು. ತಾತನಿಗೆ ಇವೆರಡರಲ್ಲಿ ಯಾವುದೂ ಇಲ್ಲ.

"ತೋಟದ ಹನಿ ನೀರಾವರಿ ಪೈಪಿನಲ್ಲಿ ಸುಣ್ಣ ಕಟ್ಟಿದಾಗ ಆಸಿಡ್ ಬಿಟ್ಟು ತೊಳೆಯುವುದಿಲ್ಲವೆ? ಇದೂ ಅಷ್ಟೇ" ಎಂದರು ದೊಡ್ಡಪ್ಪ. ಹೋಲಿಕೆ ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ಅಲ್ಲಿಯೇ. ರಕ್ತನಾಳದ ತಡೆ ಪೈಪಿನೊಳಗೆ ಅಂಟಿದ ಸುಣ್ಣವಲ್ಲ. ಅದು ನಾಳದ ಗೋಡೆಯೊಳಗೇ ಕೊಬ್ಬು, ನಾರು, ಕ್ಯಾಲ್ಸಿಯಂಗಳೆಲ್ಲ ಸೇರಿ ಬೆಳೆದ ಗಂಟು. ಡ್ರಿಪ್ಪಿನಲ್ಲಿ ಹೋದ ಡೈಸೋಡಿಯಂ ಇ.ಡಿ.ಟಿ.ಎ. ಮೊದಲು ಹಿಡಿಯುವುದು ರಕ್ತದಲ್ಲಿ ಹರಿಯುತ್ತಿರುವ ಕ್ಯಾಲ್ಸಿಯಮ್ಮನ್ನು, ಮತ್ತು ಹೃದಯದ ಬಡಿತಕ್ಕೆ ಆಧಾರವೇ ಆ ಕ್ಯಾಲ್ಸಿಯಂ. ಅಮೆರಿಕದಲ್ಲಿ 2003ರಿಂದ 2005ರೊಳಗೆ ಹೀಗೆ ಕ್ಯಾಲ್ಸಿಯಂ ಕುಸಿದು ಮೂವರು ಸತ್ತದ್ದು ಅಲ್ಲಿನ ಸರ್ಕಾರಿ ವರದಿಯಲ್ಲಿದೆ. ಇಬ್ಬರು ಮಕ್ಕಳು, ಒಬ್ಬರು 53 ವರ್ಷದ ಮಹಿಳೆ. ಸೀಸದ ವಿಷಕ್ಕೆ ಕೊಡುವ ಕ್ಯಾಲ್ಸಿಯಂ ಡೈಸೋಡಿಯಂ ಇ.ಡಿ.ಟಿ.ಎ. ಬೇರೆಯೇ ಔಷಧ, ಆದರೆ ಹೆಸರು ಎಷ್ಟು ಹತ್ತಿರವೆಂದರೆ ಕೈತಪ್ಪಿ ಒಂದರ ಬದಲು ಇನ್ನೊಂದು ಕೊಟ್ಟದ್ದೂ ಉಂಟು. ಸೇರಿದ ಔಷಧವೆಲ್ಲ ಮೂತ್ರಪಿಂಡದ ಮೂಲಕವೇ ಹೊರಬರಬೇಕು. ಮೂತ್ರಪಿಂಡ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ತಾತನಿಗೆ 2.6 ಇದೆ. ಜೊತೆಗೆ ಒಂದೊಂದು ಸಲಕ್ಕೂ ಅರ್ಧ ಲೀಟರ್ ದ್ರವ, ಅದೂ ನೀರು ಅಳೆದು ಕುಡಿಯಿರಿ ಎಂದು ವೈದ್ಯರು ಹೇಳಿರುವ ಮನುಷ್ಯನಿಗೆ.

ಆ 1,708 ಜನರ ಅಧ್ಯಯನವೂ ನಿಜವೇ, 2013ರಲ್ಲಿ ಪ್ರಕಟವಾದದ್ದು. ಹೃದಯಾಘಾತವಾಗಿದ್ದವರಿಗೆ ನಲವತ್ತು ಡ್ರಿಪ್ ಕೊಟ್ಟಾಗ ಮತ್ತೆ ಹೃದಯದ ತೊಂದರೆ ಕಂಡದ್ದು ನೂರಕ್ಕೆ 26 ಜನರಲ್ಲಿ, ಬರಿಯ ಉಪ್ಪುನೀರಿನಂಥ ದ್ರವ ಪಡೆದವರಲ್ಲಿ 30. ಆದರೆ ಕ್ರಿಯಾಟಿನಿನ್ 2 ದಾಟಿದವರನ್ನೂ, ಹಿಂದಿನ ಆರು ತಿಂಗಳಲ್ಲಿ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರಿದ್ದವರನ್ನೂ ಅದಕ್ಕೆ ಸೇರಿಸಿಕೊಂಡಿರಲೇ ಇಲ್ಲ. ಅಂದರೆ ತಾತ ಹೋಗಿದ್ದರೆ ಬಾಗಿಲಲ್ಲೇ ವಾಪಸ್ಸು. ಸಕ್ಕರೆ ಕಾಯಿಲೆಯವರಿಗೆ ಲಾಭ ಹೆಚ್ಚೆಂದು ಆಗ ಕಂಡದ್ದರಿಂದ ಅಂಥ ಸುಮಾರು ಸಾವಿರ ಜನರ ಮೇಲೆ ಮತ್ತೆ ಪರೀಕ್ಷಿಸಿದರು. 2024ರಲ್ಲಿ ಬಂದ ಫಲಿತಾಂಶದಂತೆ ರಕ್ತದ ಸೀಸ ನೂರಕ್ಕೆ 61ರಷ್ಟು ಇಳಿಯಿತು, ಹೃದಯದ ತೊಂದರೆಗಳು ಇಳಿಯಲಿಲ್ಲ.

ಇಷ್ಟನ್ನು ಬರೆದು, ತಾತನ ರಕ್ತಪರೀಕ್ಷೆಯ ವರದಿಯ ಚಿತ್ರವನ್ನೂ ಹಾಕಿದೆ. ಅದಕ್ಕೆ ಉತ್ತರವಾಗಿ ಬೇಲೂರಿನ ಭಾವ, ತಾತ ಆಷಾಢದಲ್ಲಿ ನಮ್ಮನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸಿ ಒಳಲೆಯಲ್ಲಿ ಹರಳೆಣ್ಣೆ ಹುಯ್ಯುತ್ತಿದ್ದುದನ್ನು ನೆನೆದರು: "ಆಗ ನಮ್ಮ ಹೊಟ್ಟೆಯನ್ನು ಅವರು ತೊಳೆಸಿದರು, ಈಗ ಅವರ ರಕ್ತವನ್ನು ನಾವು ತೊಳೆಸುವುದು ಋಣವಲ್ಲವೆ?" ಎಣ್ಣೆಯನ್ನು ಉಗುಳಿದವರು ಯಾರೆಂಬ ಬಗ್ಗೆ ಹದಿನಾಲ್ಕು ಸಂದೇಶಗಳು ಬಂದವು. ಹದಿನೈದನೆಯದರಲ್ಲಿ ಅರಸೀಕೆರೆಯ ಅತ್ತೆ, ಆ ಬೆಳ್ಳಿಯ ಒಳಲೆ ಈಗ ಯಾರ ಬೀರುವಿನಲ್ಲಿದೆ ಎಂದು ಕೇಳಿದರು. ಕೀಲೇಷನ್ನು ಅಲ್ಲಿಗೆ ಮುಗಿದು 1998ರ ಪಾಲುಪಟ್ಟಿ ಶುರುವಾಯಿತು.

ಸಂಜೆ, ತಾತನನ್ನು ನೋಡಿಕೊಳ್ಳುತ್ತಿರುವ ಚಿಕ್ಕತ್ತೆ ಒಂದೇ ಸಾಲು ಬರೆದರು: "ನಾಳೆ ಕಿಡ್ನಿ ಡಾಕ್ಟರರ ಹತ್ತಿರ ಹೋಗುತ್ತಿದ್ದೇವೆ, ಅವರು ಬೇಡವೆಂದರೆ ಬೇಡ, ಒಳಲೆ ನನ್ನ ಹತ್ತಿರ ಇಲ್ಲ." ಆಗ ದೊಡ್ಡಪ್ಪ ಬಾಯಿಬಿಟ್ಟರು. ಚಿಕಿತ್ಸೆಯ ಕೇಂದ್ರಕ್ಕೆ ಅವರು ಹೋದ ವಾರವೇ ಇಪ್ಪತ್ತು ಸಾವಿರ ಮುಂಗಡ ಕಟ್ಟಿದ್ದರು. ಅದನ್ನು ಈಗ ತುಂಬಿಕೊಡುವವರು ಯಾರು?

"ರಸೀದಿ ಹಾಕಿ, ದೊಡ್ಡಪ್ಪ" ಎಂದ ಬೆಂಗಳೂರಿನವನು.

ರಸೀದಿಯ ಚಿತ್ರ ಓರೆಯಾಗಿ ಬಂತು. ಹಿಗ್ಗಿಸಿ ನೋಡಿದರೆ ತಳದಲ್ಲಿ ಎರಡು ಸಾಲು ಸಣ್ಣ ಅಕ್ಷರಗಳಿದ್ದವು: ಮೂತ್ರಪಿಂಡದ ತೊಂದರೆ ಇರುವವರು ಮುಂಚಿತವಾಗಿ ತಿಳಿಸತಕ್ಕದ್ದು, ಮುಂಗಡ ಹಣವನ್ನು ಹಿಂದಿರುಗಿಸಲಾಗುವುದಿಲ್ಲ. ಅರಕಲಗೂಡಿನ ಮಾವ ಅದಕ್ಕೂ ಕೈಮುಗಿದರು.