ಮಿಡಲ್ ಎಲ್ಲಿ, ಸೆಂಟರ್ ಎಲ್ಲಿ: ಹಾವೇರಿಯ ತಂದೆಯೊಬ್ಬರ ಪ್ರಶ್ನೆಗೆ ಬಂದ ಅನುಭವಗಳು

ಪ್ರಶ್ನೆ: ಹಾವೇರಿಯಿಂದ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ಇಂಗ್ಲಿಷ್ ಪ್ರಬಂಧ ಬರೆಯುವಾಗ ‘ನಡುವೆ’ ಎಂದು ಹೇಳಬೇಕಾದ ಕಡೆಯಲ್ಲೆಲ್ಲ ಮಿಡಲ್, ಸೆಂಟರ್, ಬಿಟ್ವೀನ್ ಎಂಬ ಮೂರು ಪದಗಳು ಅವಳಿಗೆ ಒಟ್ಟಿಗೆ ನೆನಪಾಗುತ್ತವೆ, ಯಾವುದನ್ನು ಆರಿಸಬೇಕೆಂದು ತಿಳಿಯುವುದಿಲ್ಲ. ಮನೆಯಲ್ಲಿರುವ ಚಿಕ್ಕ ನಿಘಂಟಿನಲ್ಲಿ ಮಿಡಲ್‌ಗೂ ಸೆಂಟರ್‌ಗೂ ‘ಮಧ್ಯ’ ಎಂದೇ ಅರ್ಥ ಕೊಟ್ಟಿರುವುದರಿಂದ ನಾನೂ ಅವಳಿಗೆ ವಿವರಿಸಲಾರದೆ ಇದ್ದೇನೆ. ಕಲಿಸಿದವರು, ಕೆಲಸದಲ್ಲಿ ಈ ಪದಗಳನ್ನು ಬಳಸುವವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದಿಂದ, ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ

ಸರ್, ನಮ್ಮ ಭಾಗದ ಬಹಳಷ್ಟು ಮಕ್ಕಳಲ್ಲಿ ಇದೇ ತೊಡಕನ್ನು ಕಂಡಿದ್ದೇನೆ. ಇದು ಹುಟ್ಟುವುದು ಕನ್ನಡದ ‘ನಡುವೆ’ ಎಂಬ ಮಾತಿನ ಹರವಿನಿಂದ. ಹೊಲದ ನಡುವೆ ಬಾವಿ ಇದೆ ಎನ್ನುತ್ತೇವೆ, ಎರಡು ಹೊಲಗಳ ನಡುವೆ ಬದು ಇದೆ ಎನ್ನುತ್ತೇವೆ, ಆತ ರೈತರ ನಡುವೆ ಬೆಳೆದವನು ಎಂದೂ ಹೇಳುತ್ತೇವೆ. ನಮಗೆ ಮೂರೂ ಕಡೆ ಒಂದೇ ಪದ ಸಾಲುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಇನ್ ದ ಮಿಡಲ್ ಆಫ್’, ಎರಡನೆಯದು ‘ಬಿಟ್ವೀನ್’, ಮೂರನೆಯದು ‘ಅಮಂಗ್’. ಆದ್ದರಿಂದ ಇಂಗ್ಲಿಷ್ ಪದವನ್ನು ಹುಡುಕುವ ಮೊದಲು ಕನ್ನಡ ವಾಕ್ಯವನ್ನೇ ಒಮ್ಮೆ ನೋಡಿಕೊಳ್ಳಲು ಮಗಳಿಗೆ ಹೇಳಿರಿ. ‘ನಡುವೆ’ ಎಂಬುದಕ್ಕೆ ಮುಂಚೆ ಬಂದಿರುವುದು ಒಂದೇ ವಸ್ತುವೋ, ಬಿಡಿಬಿಡಿಯಾದ ಎರಡು ವಸ್ತುಗಳೋ, ಒಂದು ಗುಂಪೋ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ. ನವನಗರವು ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇದೆ ಎನ್ನುವಾಗ ಊರುಗಳು ಎರಡು, ಹಾಗಾಗಿ ಬಿಟ್ವೀನ್ ಬೇಕು. ಈ ಎರಡು ಊರುಗಳ ಮಧ್ಯೆ ಸಂಚರಿಸುವ ಚಿಗರಿ ಬಸ್ಸುಗಳು ರಸ್ತೆಯ ನಡುವೆ ಓಡುತ್ತವೆ ಎನ್ನುವಾಗ ರಸ್ತೆ ಒಂದೇ, ಹಾಗಾಗಿ ಮಿಡಲ್ ಬೇಕು.

ಎರಡಕ್ಕಿಂತ ಹೆಚ್ಚು ಇದ್ದರೆ ಬಿಟ್ವೀನ್ ಬರಲೇಬಾರದು ಎಂದು ಕೆಲವು ಕಡೆ ಕಲಿಸುತ್ತಾರೆ, ಅದು ಪೂರ್ತಿ ಸರಿಯಲ್ಲ. ಮಹದಾಯಿ ನೀರಿನ ವಿವಾದವು ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ನಡುವಿನದು. ಇಲ್ಲಿ ರಾಜ್ಯಗಳು ಮೂರಾದರೂ ಒಂದೊಂದನ್ನೂ ಹೆಸರಿಸಿ ಬೇರೆಯಾಗಿ ನಿಲ್ಲಿಸಿರುವುದರಿಂದ ಬಿಟ್ವೀನ್ ಸರಿಯಾದ ಪ್ರಯೋಗವೇ ಆಗಿದೆ.

ಇನ್ನು ಮಿಡಲ್ ಮತ್ತು ಸೆಂಟರ್. ಇವೆರಡರ ವ್ಯತ್ಯಾಸವನ್ನು ನಾನು ಹುಬ್ಬಳ್ಳಿಯ ಎರಡು ಸ್ಥಳಗಳಿಂದ ಹೇಳಿಕೊಡುತ್ತೇನೆ. ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಅದರ ಮೇಲೆ ನಿಂತ ಒಬ್ಬರು ಫೋನಿನಲ್ಲಿ ‘ಪ್ಲಾಟ್‌ಫಾರ್ಮಿನ ನಡುವೆ ಇದ್ದೇನೆ’ ಎಂದರೆ ಅವರು ಎರಡೂ ತುದಿಗಳಿಂದ ದೂರದಲ್ಲಿದ್ದಾರೆ ಎಂದು ತಿಳಿಯುತ್ತದೆಯೇ ಹೊರತು, ಅಳತೆ ಮಾಡಿ 753.5 ಮೀಟರಿನ ಗುರುತಿನ ಮೇಲೆಯೇ ನಿಂತಿದ್ದಾರೆ ಎಂದು ಯಾರೂ ಭಾವಿಸುವುದಿಲ್ಲ. ಇದು ಮಿಡಲ್. ಉದ್ದವಾಗಿರುವ, ಆರಂಭ ಮತ್ತು ಕೊನೆ ಇರುವ ಯಾವುದೇ ವಸ್ತುವಿನಲ್ಲಿ ತುದಿಗಳನ್ನು ಬಿಟ್ಟು ಒಳಗಿನ ಭಾಗ ಮಿಡಲ್ ಆಗುತ್ತದೆ, ಮತ್ತು ಅದು ಸಾಕಷ್ಟು ಅಗಲವಾದ ಜಾಗವೂ ಆಗಿರಬಹುದು. ಚನ್ನಮ್ಮ ವೃತ್ತದಲ್ಲಿ ಕಿತ್ತೂರು ರಾಣಿ ಚನ್ನಮ್ಮನ ಪ್ರತಿಮೆ ಇರುವುದು ಇನ್ನೊಂದು ಬಗೆಯ ನಡು. ಸುತ್ತ ಎಲ್ಲ ದಿಕ್ಕಿನಿಂದಲೂ ರಸ್ತೆಗಳು ಬಂದು ಸೇರುತ್ತವೆ, ಎಲ್ಲವೂ ಆ ಒಂದು ಬಿಂದುವಿನ ಸುತ್ತ ತಿರುಗುತ್ತವೆ. ಅದು ಸೆಂಟರ್. ದುಂಡಗಿರುವುದಕ್ಕೆ, ನಾಲ್ಕೂ ಕಡೆ ಹರಡಿರುವುದಕ್ಕೆ, ಸುತ್ತಲಿನದೆಲ್ಲ ಬಂದು ಕೂಡುವ ಜಾಗಕ್ಕೆ ಈ ಪದ ಸಲ್ಲುತ್ತದೆ. ಊರಿನ ಸೆಂಟರ್ ಎಂದರೆ ಪೇಟೆ, ಬಸ್ ನಿಲ್ದಾಣ, ಕಚೇರಿಗಳು ಇರುವ ಜಾಗ. ನಕ್ಷೆಯಲ್ಲಿ ಅದು ಊರಿನ ಒಂದು ಮಗ್ಗುಲಿಗೆ ಇದ್ದರೂ ಅದನ್ನು ಸೆಂಟರ್ ಎಂದೇ ಕರೆಯುತ್ತಾರೆ.

ಕೋಣೆ, ಮೈದಾನ, ಮೇಜು ಇಂಥವುಗಳಿಗೆ ಎರಡೂ ಪದ ಹೊಂದುತ್ತವೆ. ‘ಇನ್ ದ ಮಿಡಲ್ ಆಫ್ ದ ರೂಮ್’ ಎಂದರೂ ‘ಇನ್ ದ ಸೆಂಟರ್ ಆಫ್ ದ ರೂಮ್’ ಎಂದರೂ ತಪ್ಪಿಲ್ಲ. ಎರಡನೆಯದರಲ್ಲಿ ನಿಖರತೆ ಸ್ವಲ್ಪ ಹೆಚ್ಚು ಕೇಳಿಸುತ್ತದೆ, ಅಷ್ಟೆ. ಆದರೆ ಕಾಲದ ವಿಷಯ ಬಂದಾಗ ಈ ಸಡಿಲಿಕೆ ಇಲ್ಲ. ತಿಂಗಳ ನಡುವೆ, ಪರೀಕ್ಷೆಯ ನಡುವೆ, ಊಟದ ನಡುವೆ, ಮಾತಿನ ನಡುವೆ ಇವೆಲ್ಲಕ್ಕೂ ಮಿಡಲ್ ಒಂದೇ ಪದ. ಪ್ರಬಂಧಗಳಲ್ಲಿ ಅತಿ ಹೆಚ್ಚು ಬೇಕಾಗುವುದೂ ಇದೇ ಬಳಕೆ, ಆದ್ದರಿಂದ ಇದನ್ನು ಮೊದಲು ಗಟ್ಟಿ ಮಾಡಿಸಬೇಕೆಂಬುದು ನನ್ನ ಅಭಿಪ್ರಾಯ. ‘ಐ ವಾಸ್ ಇನ್ ದ ಮಿಡಲ್ ಆಫ್ ಕುಕಿಂಗ್’ ಎಂದರೆ ಅಡುಗೆ ಮಾಡುತ್ತಾ ಇದ್ದೆ, ಕೆಲಸ ಇನ್ನೂ ಮುಗಿದಿರಲಿಲ್ಲ ಎಂದರ್ಥ. ಇದೇ ರೀತಿ ‘ಮಿಡ್‌ನೈಟ್’ ಎಂದರೆ ಗಡಿಯಾರದ ಹನ್ನೆರಡು ಗಂಟೆ. ‘ಮಿಡಲ್ ಆಫ್ ದ ನೈಟ್’ ಎಂದರೆ ಎಲ್ಲರೂ ಮಲಗಿರುವ ಹೊತ್ತು, ಅದು ಒಂದು ಗಂಟೆಯೂ ಆಗಬಹುದು, ಮೂರು ಗಂಟೆಯೂ ಆಗಬಹುದು.

ನಮ್ಮ ತರಗತಿಗಳಲ್ಲಿ ‘ಡೋಂಟ್ ಟಾಕ್ ಇನ್ ಬಿಟ್ವೀನ್’ ಎಂಬ ವಾಕ್ಯ ದಿನವೂ ಕೇಳಿಬರುತ್ತದೆ. ನಡುವೆ ಬಾಯಿ ಹಾಕಬೇಡ ಎಂಬ ಕನ್ನಡವೇ ಅಲ್ಲಿ ಇಂಗ್ಲಿಷ್ ಉಡುಗೆ ತೊಟ್ಟಿದೆ. ‘ಡೋಂಟ್ ಇಂಟರಪ್ಟ್’ ಎಂದರೆ ಸಹಜವಾಗಿರುತ್ತದೆ.

ಬರವಣಿಗೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ‘ಹೊಲದ’ ಮೊದಲು, ‘ನಡುವೆ’ ಆಮೇಲೆ. ಇಂಗ್ಲಿಷಿನಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ ಮತ್ತು ‘ಹೊಲದ’ ಎಂಬಲ್ಲಿನ ಷಷ್ಠಿ ವಿಭಕ್ತಿಯ ಕೆಲಸವನ್ನು ‘ಆಫ್’ ಮಾಡುತ್ತದೆ. ನಮ್ಮಲ್ಲಿ ಇಂಗ್ಲಿಷಿನ ‘ದ’ (the) ಎಂಬಂಥ ಉಪಪದವೇ ಇಲ್ಲದ ಕಾರಣ ಮಕ್ಕಳು ‘ಇನ್ ಮಿಡಲ್ ಆಫ್ ಫೀಲ್ಡ್’ ಎಂದು ಬರೆದುಬಿಡುತ್ತಾರೆ. ‘ಇನ್ ದ ಮಿಡಲ್ ಆಫ್ ದ’ ಎಂಬುದನ್ನು ಬಿಡಿಸದೆ, ಒಂದೇ ಉಸಿರಿನಲ್ಲಿ ಹೇಳಿ ಅಭ್ಯಾಸ ಮಾಡಿಸಿದರೆ ಉಪಪದ ತಾನಾಗಿಯೇ ಉಳಿಯುತ್ತದೆ.

ರಾಣೇಬೆನ್ನೂರಿನಿಂದ, ನಿವೃತ್ತ ಗಣಿತ ಶಿಕ್ಷಕ

ಶಿಕ್ಷಕಿಯವರು ಹೇಳಿದ್ದಕ್ಕೆ ಗಣಿತದ ಕಡೆಯಿಂದ ಒಂದು ಆಧಾರ ಕೊಡಬಯಸುತ್ತೇನೆ. ತಮ್ಮ ಮಗಳ ಕನ್ನಡ ಗಣಿತ ಪುಸ್ತಕದಲ್ಲಿಯೇ ಈ ಭೇದ ಸ್ಪಷ್ಟವಾಗಿದೆ. ವೃತ್ತಕ್ಕೆ ಇರುವುದು ಕೇಂದ್ರ, ರೇಖಾಖಂಡಕ್ಕೆ ಇರುವುದು ಮಧ್ಯಬಿಂದು. ಪರಿಧಿಯ ಎಲ್ಲ ಬಿಂದುಗಳಿಂದ ಸಮದೂರದಲ್ಲಿರುವುದನ್ನು ನಾವು ವೃತ್ತದ ಮಧ್ಯಬಿಂದು ಎನ್ನುವುದಿಲ್ಲ, ಇಂಗ್ಲಿಷಿನವರೂ ಅದನ್ನು ಸೆಂಟರ್ ಎಂದೇ ಕರೆಯುತ್ತಾರೆ. ರೇಖಾಖಂಡದ್ದು ಅವರಿಗೆ ಮಿಡ್‌ಪಾಯಿಂಟ್. ಸಂಖ್ಯಾಶಾಸ್ತ್ರದಲ್ಲಿ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ಬರುವ ಬೆಲೆ ಮಧ್ಯಾಂಕ. 3, 7, 8, 15, 40 ಎಂಬ ಸಾಲಿನಲ್ಲಿ ಅದು 8. ಅದನ್ನು ಇಂಗ್ಲಿಷಿನಲ್ಲಿ ‘ದ ಮಿಡಲ್ ವ್ಯಾಲ್ಯೂ’ ಎಂದು ವಿವರಿಸುತ್ತಾರೆ, ಏಕೆಂದರೆ ಅದು ಸಾಲಿನಲ್ಲಿ ನಿಂತ ಸಂಖ್ಯೆ.

ಪದಗಳ ಮೂಲವೂ ಇದನ್ನೇ ಹೇಳುತ್ತದೆ. ಸೆಂಟರ್ ಎಂಬುದು ಗ್ರೀಕ್ ಭಾಷೆಯ ‘ಕೆಂಟ್ರಾನ್’ ಎಂಬ ಪದದಿಂದ ಬಂದಿದೆ. ಅದಕ್ಕೆ ಮೊದಲು ಇದ್ದ ಅರ್ಥ ಎತ್ತುಗಳನ್ನು ತಿವಿಯುವ ಮೊನಚು ಕೋಲು, ಆಮೇಲೆ ಕೈವಾರದ ಚೂಪಾದ ಮೊನೆ ಊರುವ ಬಿಂದು. ಅದೇ ಗ್ರೀಕ್ ಪದ ಜ್ಯೋತಿಷ, ಖಗೋಳ ಗ್ರಂಥಗಳ ಮೂಲಕ ಸಂಸ್ಕೃತಕ್ಕೆ ಬಂದು ನಮ್ಮ ‘ಕೇಂದ್ರ’ವಾಯಿತು. ಮಿಡಲ್ ಎಂಬುದರೊಳಗಿನ ‘ಮಿಡ್’ ಮತ್ತು ಸಂಸ್ಕೃತದ ‘ಮಧ್ಯ’ ಒಂದೇ ಪ್ರಾಚೀನ ಬೇರಿನಿಂದ ಒಡೆದ ಕವಲುಗಳು. ಕನ್ನಡ ಮಾಧ್ಯಮ ಎನ್ನುವಲ್ಲಿನ ‘ಮಾಧ್ಯಮ’ಕ್ಕೂ ಇಂಗ್ಲಿಷಿನ ‘ಮೀಡಿಯಂ’ಗೂ ಇದೇ ನಂಟು ಇದೆ. ಹಾಗಾಗಿ ಮಗಳು ತನ್ನ ಕನ್ನಡ ವಾಕ್ಯದಲ್ಲಿ ‘ಕೇಂದ್ರ’ ಎಂಬ ಪದ ಇಟ್ಟು ನೋಡಲಿ. ಕಿವಿ ಒಪ್ಪಿದರೆ ಸೆಂಟರ್ ಬರೆಯಬಹುದು. ‘ಊಟದ ಕೇಂದ್ರದಲ್ಲಿ ಫೋನ್ ಬಂತು’ ಎಂಬಂತೆ ಕಿವಿಗೆ ಒಗ್ಗದಿದ್ದರೆ ಮಿಡಲ್ ಬರೆಯಲಿ. ಕನ್ನಡ ಬಲ್ಲ ಮಗುವಿಗೆ ಇದಕ್ಕಿಂತ ಹತ್ತಿರದ ಪರೀಕ್ಷೆ ನನಗೆ ತೋರುವುದಿಲ್ಲ.

ಹುಬ್ಬಳ್ಳಿಯಿಂದ, ರೈಲ್ವೆಯಲ್ಲಿ ಕೆಲಸ ಮಾಡುವವರು

ಮೂರು ಸಾಲಾಗಿ ಇದ್ದರೆ ನಡುವಿನದು ಯಾವಾಗಲೂ ಮಿಡಲ್. ಸ್ಲೀಪರ್ ಬೋಗಿಯಲ್ಲಿ ಲೋಯರ್, ಮಿಡಲ್, ಅಪ್ಪರ್ ಬರ್ತ್ ಎನ್ನುತ್ತೇವೆ, ಸೆಂಟರ್ ಬರ್ತ್ ಎಂದು ಟಿಕೆಟ್‌ನಲ್ಲಿ ಎಂದೂ ಬರುವುದಿಲ್ಲ. ಕ್ರಿಕೆಟ್‌ನಲ್ಲಿ ಆಫ್, ಮಿಡಲ್, ಲೆಗ್ ಸ್ಟಂಪ್ ಇವೆ. ನಡುಬೆರಳು, ಮೂವರು ಮಕ್ಕಳಲ್ಲಿ ನಡುವಿನವರು, ಹೆಸರಿನ ನಡುವಿನ ಭಾಗ, ಮಧ್ಯಮ ವರ್ಗ, ಇವೆಲ್ಲಕ್ಕೂ ಮಿಡಲ್. ಗದಗ–ಬೆಟಗೇರಿಯಲ್ಲಿ ಹಾಕಿ ಆಡುವ ಹುಡುಗರು ‘ಸೆಂಟರ್ ಫಾರ್ವರ್ಡ್’ ಎನ್ನುವುದು ಆಟದ ರೂಢಿಯ ಮಾತು, ಅದನ್ನು ಹಾಗೆಯೇ ಕಲಿಯಬೇಕು.

ಗದಗಿನಿಂದ, ಮುದ್ರಣಾಲಯದಲ್ಲಿ ಡಿಟಿಪಿ ಮಾಡುವವರು

ನಮ್ಮ ಕೆಲಸದಲ್ಲಿ ಈ ಎರಡು ಪದಗಳಿಗೆ ಬೇರೆಯದೇ ಒಂದು ಹಂಚಿಕೆ ಇದೆ, ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಅದು ತಿಳಿದಿರಬೇಕು. ಎಕ್ಸೆಲ್‌ನಲ್ಲಿ ಅಕ್ಷರವನ್ನು ಎಡ–ಬಲಗಳ ನಡುವೆ ತರುವ ಗುಂಡಿ ಸೆಂಟರ್, ಮೇಲು–ಕೆಳಗಿನ ನಡುವೆ ತರುವ ಗುಂಡಿ ಮಿಡಲ್. ಪವರ್‌ಪಾಯಿಂಟ್‌ನಲ್ಲಿ ಚಿತ್ರಗಳನ್ನು ಜೋಡಿಸುವಾಗಲೂ ಇದೇ ಕ್ರಮ. ಇದು ತಂತ್ರಾಂಶ ಮಾಡಿದವರು ಎರಡು ದಿಕ್ಕುಗಳನ್ನು ಗುರುತಿಸಲು ಇಟ್ಟುಕೊಂಡ ಏರ್ಪಾಡು, ಪ್ರಬಂಧದ ಭಾಷೆಗೆ ಇದನ್ನು ತರಬಾರದು.

ಕಾಗುಣಿತದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕಾಗುತ್ತದೆ. ಸೆಂಟರ್ ಪದದ ಕೊನೆಯಲ್ಲಿ ‘ಆರ್’ ಮೊದಲು, ‘ಇ’ ಆಮೇಲೆ ಬರುವುದು ಬ್ರಿಟಿಷ್ ಕ್ರಮ, ನಮ್ಮ ಶಾಲೆಗಳು ಅನುಸರಿಸುವುದು ಅದನ್ನೇ. ‘ಇ’ ಮೊದಲು, ‘ಆರ್’ ಆಮೇಲೆ ಬರುವುದು ಅಮೆರಿಕದ ಕ್ರಮ. 1828ರಲ್ಲಿ ಪ್ರಕಟವಾದ ನೋವಾ ವೆಬ್‌ಸ್ಟರ್ ಅವರ ನಿಘಂಟು ಅದಕ್ಕೆ ದೊಡ್ಡ ಬಲ ಕೊಟ್ಟಿತು. ಉಚ್ಚಾರಣೆ ಎರಡಕ್ಕೂ ಒಂದೇ. ವೆಬ್ ಪುಟ ಮಾಡಲು ಬಳಸುವ ಸಿಎಸ್‌ಎಸ್‌ನಲ್ಲಿ ಅಮೆರಿಕದ ಕಾಗುಣಿತ ಬರೆದರೆ ಮಾತ್ರ ಅಕ್ಷರಗಳು ನಡುವೆ ಬರುತ್ತವೆ, ಬ್ರಿಟಿಷ್ ಕಾಗುಣಿತ ಬರೆದರೆ ಕಂಪ್ಯೂಟರ್ ಆ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರಬಂಧದಲ್ಲಿ ಮೊದಲ ಸಾಲಿನಲ್ಲಿ ಯಾವ ಕ್ರಮ ಹಿಡಿದರೋ ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಬೇಕು. ‘ಸೆಂಟ್ರಲ್’ ಎಂಬ ವಿಶೇಷಣಕ್ಕೆ ಎರಡೂ ದೇಶಗಳಲ್ಲಿ ಒಂದೇ ಕಾಗುಣಿತ, ಅಲ್ಲಿ ಚಿಂತೆಯಿಲ್ಲ.

ಬ್ಯಾಡಗಿಯಿಂದ, ಮೆಣಸಿನಕಾಯಿ ವ್ಯಾಪಾರದಲ್ಲಿರುವವರು

‘ಮಿಡಲ್‌ಮ್ಯಾನ್’ ಎಂಬ ಪದವನ್ನು ವಿಚಾರಿಸಿ ಬಳಸಲು ಹೇಳಿರಿ. ರೈತನಿಗೂ ಖರೀದಿದಾರನಿಗೂ ನಡುವೆ ನಿಂತು ವ್ಯವಹಾರ ಮಾಡಿಸುವವರು ಎಂಬ ಅರ್ಥ ಅದಕ್ಕಿದ್ದರೂ, ಪತ್ರಿಕೆಗಳಲ್ಲಿ ಅದು ಹೆಚ್ಚಾಗಿ ದೂರುವ ಧ್ವನಿಯಲ್ಲಿಯೇ ಬರುತ್ತದೆ. ಮಾರುಕಟ್ಟೆಯ ಬಗ್ಗೆ ಪ್ರಬಂಧ ಬರೆಯುವಾಗ ದಲಾಲರನ್ನು ‘ಕಮಿಷನ್ ಏಜೆಂಟ್’ ಎಂದು ಬರೆದರೆ ಬರಿಯ ವೃತ್ತಿಯ ಹೆಸರಾಗುತ್ತದೆ.

ಹುಬ್ಬಳ್ಳಿಯಿಂದ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ನೀಡುವವರು

ಇಂಗ್ಲಿಷ್ ಪತ್ರಿಕೆ ಓದುವ ಮಕ್ಕಳಿಗೆ ‘ದ ಸೆಂಟರ್’ ಎಂಬುದು ದಿನವೂ ಎದುರಾಗುತ್ತದೆ. ಅಲ್ಲಿ ಅದರ ಅರ್ಥ ಕೇಂದ್ರ ಸರ್ಕಾರ, ಮತ್ತು ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುತ್ತಾರೆ. ಇದು ಭಾರತದ ಇಂಗ್ಲಿಷಿನ ಬಳಕೆ. ಹೊರದೇಶದ ಓದುಗರಿಗೆ ಇಷ್ಟರಿಂದಲೇ ಅರ್ಥವಾಗಲಿಕ್ಕಿಲ್ಲ. ಸಂವಿಧಾನದ ಒಂದನೆಯ ವಿಧಿ ಭಾರತವನ್ನು ರಾಜ್ಯಗಳ ‘ಯೂನಿಯನ್’ ಎಂದು ಕರೆಯುತ್ತದೆ, ಆದ್ದರಿಂದ ಪರೀಕ್ಷೆಯ ಉತ್ತರಗಳಲ್ಲಿ ‘ಯೂನಿಯನ್ ಗವರ್ನಮೆಂಟ್’ ಎಂದು ಬರೆಯುವುದನ್ನೇ ನಾನು ಸೂಚಿಸುತ್ತೇನೆ. ಪರೀಕ್ಷಾ ಕೇಂದ್ರ, ಆರೋಗ್ಯ ಕೇಂದ್ರ, ಸೇವಾ ಕೇಂದ್ರ ಎನ್ನುವಾಗ ನಡು ಎಂಬ ಅರ್ಥ ಬಹುಮಟ್ಟಿಗೆ ಮರೆಯಾಗಿ, ಒಂದು ಕೆಲಸಕ್ಕಾಗಿ ಜನ ಬಂದು ಸೇರುವ ಸ್ಥಳ ಎಂಬ ಅರ್ಥ ಉಳಿದಿದೆ. ಅಲ್ಲಿ ಮಿಡಲ್ ಎಂದಿಗೂ ಬರುವುದಿಲ್ಲ. ಮನೆ ಕಟ್ಟುವ ಕಡೆ ಕೇಳುವ ‘ಸೆಂಟ್ರಿಂಗ್’ ಕೂಡ ಇದೇ ಪದದಿಂದ ಬಂದದ್ದು. ಕಮಾನು ಕಟ್ಟುವಾಗ ಕೆಳಗೆ ಆಸರೆಯಾಗಿ ನಿಲ್ಲಿಸುವ ಚೌಕಟ್ಟಿಗೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು, ನಮ್ಮಲ್ಲಿ ಅದು ಸಮತಟ್ಟಾದ ಸ್ಲ್ಯಾಬಿನ ಹಲಗೆ ಕೆಲಸಕ್ಕೂ ನಿಂತಿದೆ.

ಮತ್ತೆ ಹಾವೇರಿಯ ತಂದೆ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಗಣಿತದ ಗುರುಗಳು ಹೇಳಿದ ಪರೀಕ್ಷೆಯನ್ನು ಮಗಳು ತನ್ನ ಹಳೆಯ ಪ್ರಬಂಧದ ಮೇಲೆ ಮಾಡಿ ನೋಡಿದಳು, ಹೆಚ್ಚಿನ ವಾಕ್ಯಗಳಲ್ಲಿ ಉತ್ತರ ಸಿಕ್ಕಿತು. ಒಂದು ವಾಕ್ಯ ಉಳಿದಿದೆ. ‘ಕಥೆಯು ಒಬ್ಬ ನೇಕಾರನ ಸುತ್ತ ನಡೆಯುತ್ತದೆ’ ಎನ್ನಲು ‘ಸೆಂಟರ್ಸ್ ಅರೌಂಡ್’ ಎಂದು ಬರೆದಿದ್ದಾಳೆ. ಇದು ಸರಿಯೇ?

ಧಾರವಾಡದ ಶಿಕ್ಷಕಿ

ಹಾಗೆ ಬರೆಯುವವರು ಬಹಳ ಜನ ಇದ್ದಾರೆ, ಈಚಿನ ನಿಘಂಟುಗಳು ಅದನ್ನು ದಾಖಲಿಸಿಯೂ ಇವೆ. ಆದರೆ ಕಟ್ಟುನಿಟ್ಟಿನ ವ್ಯಾಕರಣ ಬಯಸುವವರು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಕೇಂದ್ರವು ಒಂದರ ಮೇಲೆ ನಿಲ್ಲಬೇಕೇ ಹೊರತು ಅದರ ಸುತ್ತ ಇರಲಾರದು ಎಂಬುದು ಅವರ ವಾದ. ಉತ್ತರಪತ್ರಿಕೆ ಯಾರ ಕೈಗೆ ಹೋಗುತ್ತದೆಂದು ನಮಗೆ ತಿಳಿಯದಿರುವುದರಿಂದ ‘ಸೆಂಟರ್ಸ್ ಆನ್’ ಎಂದು ತಿದ್ದಿಸಿರಿ. ‘ಸುತ್ತ’ ಎಂಬ ಭಾವವನ್ನೇ ಉಳಿಸಬೇಕೆಂದು ಮಗಳಿಗೆ ಅನ್ನಿಸಿದರೆ ‘ರಿವಾಲ್ವ್ಸ್ ಅರೌಂಡ್’ ಎಂದು ಬರೆಯಬಹುದು, ಅದಕ್ಕೆ ಯಾರ ಆಕ್ಷೇಪವೂ ಇಲ್ಲ.