ಉಳಿದ ಒಂಬತ್ತು ಎಲ್ಲಿ?

ನಮ್ಮ ‘ಮನೆಮಂದಿ’ ವಾಟ್ಸಾಪ್ ಗುಂಪಿನಲ್ಲಿ, ಭಾವ (ಸುಮಕ್ಕನ ಗಂಡ) ತಮ್ಮ ರೈಫಲ್‌ಗೆ ತಾವೇ ತುಂಬಿದ ಕಾಡತೂಸಿನ ಬಗ್ಗೆ ಶನಿವಾರ ರಾತ್ರಿ ಶುರುವಾದ ಜಗಳ ಇದು. ನಡುವೆ ಬಂದ ಶುಭರಾತ್ರಿ, ಜೋಕು, ಫಾರ್ವರ್ಡುಗಳನ್ನೆಲ್ಲ ತೆಗೆದುಹಾಕಿದ್ದೇನೆ.

ಭಾವ: (ಚಿತ್ರ)

ಭಾವ: 100 ಗಜ. 308 ಬೋಲ್ಟ್ ರೈಫಲ್, ನಾನೇ ತುಂಬಿದ ಕಾಡತೂಸು. ಮೂರು ಗುಂಡು, ಹೆಚ್ಚುಕಡಿಮೆ ಒಂದೇ ತೂತು. ಅತಿ ದೂರದ ಎರಡರ ನಡುವೆ 0.38 ಅಂಗುಲ!! ಅರ್ಧ ಎಂಓಎಗಿಂತ ಒಳಗೆ (ಒಂದು ಎಂಓಎ ಅಂದ್ರೆ 100 ಗಜಕ್ಕೆ ಸುಮಾರು ಒಂದು ಅಂಗುಲ). ಆರು ತಿಂಗಳ ತಪಸ್ಸು ಫಲಿಸ್ತು. ಇನ್ಮೇಲೆ ಇದೇ ನನ್ನ ಲೋಡು, ಅಂದ್ರೆ ಕಾಡತೂಸಿಗೆ ಹಾಕೋ ಮದ್ದಿನ ತೂಕ.

ಚಿಂಟು: ಭಾವ ಸೂಪರ್!! ನಂದೂ 308. ಎಷ್ಟು ಗ್ರೇನ್ ಪೌಡರ್ ಹಾಕಿದ್ರಿ? ಹಾಗೇ ಕಳ್ಸಿ, ನಾನೂ ಅಷ್ಟೇ ಹಾಕ್ತೀನಿ

ಭಾವ: ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಪ್ಪ: ಅಳಿಸಿದ್ದು ಒಳ್ಳೇದಾಯ್ತು ಅಳಿಯಂದಿರೇ, ಇಲ್ದಿದ್ರೆ ಈಗಲೇ ಫೋನ್ ಮಾಡ್ತಿದ್ದೆ. ಚಿಂಟು, ಇನ್ನೊಬ್ಬರ ಕನ್ನಡಕ ಹಾಕ್ಕೊಂಡು ಗಾಡಿ ಓಡಿಸ್ತೀಯೇನೋ? ಅವರ ಚೇಂಬರ್ (ಕಾಡತೂಸು ಕೂರೋ ಜಾಗ) ಬೇರೆ, ಬ್ಯಾರೆಲ್ ಬೇರೆ, ಕೇಸ್ (ಕಾಡತೂಸಿನ ಲೋಹದ ಚಿಪ್ಪು) ಬೇರೆ. ಹೊರಗಿನ ಅಳತೆ ಒಂದೇ ಇದ್ರೂ ಕಂಪನಿ ಬದಲಾದ್ರೆ ಕೇಸಿನ ಗೋಡೆ ದಪ್ಪ ಬದಲಾಗುತ್ತೆ. ಒಳಗೆ ಜಾಗ ಕಮ್ಮಿಯಾದ್ರೆ ಅದೇ ಮದ್ದು ಜಾಸ್ತಿ ಒತ್ತಡ ಕೊಡುತ್ತೆ. ಬುಲೆಟ್ ಮುಂದೆ ಹೋಗಿ ಬ್ಯಾರೆಲ್ ಒಳಗಿನ ಸುರುಳಿ ಗೀರು, ಅಂದ್ರೆ ರೈಫಲಿಂಗ್‌ಗೆ ತಾಗಿ ಕೂತ್ರೆ ಇನ್ನೂ ಏರುತ್ತೆ. ಮದ್ದು ತಯಾರಿಸಿದವರು ಛಾಪಿಸಿರೋ ಪಟ್ಟಿ ತೆಗಿ, ಅದರ ಆರಂಭದ ತೂಕದಿಂದ ಮೇಲಕ್ಕೆ ಬಾ. ವಾಟ್ಸಾಪಿಂದ ಅಲ್ಲ.

ಚಿಂಟು: ಜಾಸ್ತಿ ಆದ್ರೆ ಗೊತ್ತಾಗುತ್ತಲ್ಲ ಚಿಕ್ಕಪ್ಪ. ಬೋಲ್ಟ್ ಬಿಗಿಯಾಗುತ್ತೆ, ಮದ್ದಿಗೆ ಕಿಡಿ ಹೊತ್ತಿಸೋ ಪ್ರೈಮರ್ ಚಪ್ಪಟೆಯಾಗುತ್ತೆ

ಚಿಕ್ಕಪ್ಪ: ಅದು ಕಾಣೋ ಹೊತ್ತಿಗೆ ಮಿತಿ ದಾಟಿರಬಹುದು. ಕಂಡ ತಕ್ಷಣ ನಿಲ್ಲಿಸಬೇಕು, ಆದ್ರೆ ಕಾಣೋವರೆಗೂ ಹೋಗ್ತೀನಿ ಅನ್ನೋದು ಲೆಕ್ಕ ಅಲ್ಲ.

ಅಜ್ಜಿ: (ಧ್ವನಿ ಸಂದೇಶ) ಗ್ರೇನ್ ಅಂದ್ರೆ ಏನ್ರೋ, ಕಾಳಾ?

ನಾನು: ತೂಕ ಅಜ್ಜಿ. ಅಕ್ಕಸಾಲಿಗರ ಗುಲಗಂಜಿ ಥರ. ಒಂದು ಗುಲಗಂಜಿಗೆ ಹತ್ರಹತ್ರ ಎರಡು ಗ್ರೇನ್. ಇವರು ಅದರಲ್ಲೂ ಹತ್ತನೇ ಒಂದು ಪಾಲು ತೂಗ್ತಾರೆ.

ಸುಮಕ್ಕ: ರೀ, ಉಳಿದ ಒಂಬತ್ತು ಎಲ್ಲಿ?

ಭಾವ: ಯಾವ ಒಂಬತ್ತು

ಸುಮಕ್ಕ: ಬ್ಯಾಗಿನ ಪಕ್ಕದ ಜೇಬಲ್ಲಿ ಮಡಚಿಟ್ಟಿರೋ ಟಾರ್ಗೆಟ್ ಕಾಗದಗಳು. ಹೊರಗೆ ತೆಗೆದು ಅಳೆದೆ. 0.2 ಗ್ರೇನ್ ಏರಿಸ್ತಾ ಏರಿಸ್ತಾ ಹತ್ತು ಲೋಡು, ಒಂದೊಂದಕ್ಕೆ ಮೂರು ಗುಂಡು. ಕ್ರಮವಾಗಿ 0.9, 0.7, 1.2, 0.6, 0.8, 1.1, 0.38, 1.35, 0.75, 0.72. ಸರಾಸರಿ 0.85.

ಭಾವ: ಹೌದು, ಅದಕ್ಕೇ ಏಳನೇದು ಆರಿಸಿದ್ದು! ಹುಡುಕೋದು ಅಂದ್ರೆ ಅದೇ ಅಲ್ವಾ?

ಸುಮಕ್ಕ: ಅಲ್ಲ. ಹತ್ತೂ ಲೋಡು ಒಂದೇ ಥರ ಇದ್ದಿದ್ರೂ, ಮೂರು ಮೂರು ಗುಂಡು ಹೊಡೆದ್ರೆ ಗ್ರೂಪುಗಳು (ಗುಂಡುಗಳ ಹರವು) ಹೀಗೇ ಚೆಲ್ಲಾಡ್ತವೆ. ಸರಾಸರಿ 0.85 ಇರೋವಾಗ ಹತ್ತರಲ್ಲಿ ಒಂದು 0.4ರ ಹತ್ರ ಬರೋದು, ಇನ್ನೊಂದು 1.4ರ ಹತ್ರ ಹೋಗೋದು ಬರೀ ಆಕಸ್ಮಿಕಕ್ಕೇ ಸಾಕು. ನಿಮಗೆ ಸಿಕ್ಕಿದ್ದು 0.38, 1.35. ಒಂದೇ ಕಾಸನ್ನ ಹತ್ತು ಸಲ ಚಿಮ್ಮಿ, ಚೆನ್ನಾಗಿ ಬಿದ್ದ ಸಲದ್ದು ಮಾತ್ರ ಫೋಟೋ ತೆಗೆದಿದ್ದೀರಿ.

ಭಾವ: 1.35ರಲ್ಲಿ ಒಂದು ಗುಂಡು ನಾನೇ ಕೈ ಅಲುಗಿಸಿ ಎಳೆದದ್ದು. ಟ್ರಿಗರ್ ಒತ್ತಿದಾಗಲೇ ಗೊತ್ತಾಯ್ತು. ಅದನ್ನ ಬಿಟ್ರೆ ಚೆನ್ನಾಗೇ ಇತ್ತು

ಸುಮಕ್ಕ: ಎಳೆದ ಗುಂಡು ಹೊರಗೇ ಬೀಳಬೇಕು ಅಂತ ಏನಿದೆ? ಒಳಗೂ ಬೀಳುತ್ತೆ. ಆಗ ಮಾತ್ರ ಯಾರೂ ಹೇಳಲ್ಲ.

(ಇದನ್ನು ಓದಿ ನಾನು ಎರಡು ನಿಮಿಷ ಸುಮ್ಮನಿದ್ದೆ. ನನ್ನ ಹಳೇ ಟಾರ್ಗೆಟ್‌ಗಳೆಲ್ಲ ನೆನಪಾದವು.)

ಭಾವ: ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್ ಏನನ್ನುತ್ತೆ ನೋಡು ಹಾಗಾದ್ರೆ. ಆ ಮೂರು ಗುಂಡಿನ ವೇಗದ ಎಸ್‌ಡಿ (ಸರಾಸರಿಯಿಂದ ಆಚೀಚೆ ಆಗೋದರ ಅಳತೆ) ಸೆಕೆಂಡಿಗೆ 6 ಅಡಿ. ಆರೇ ಆರು!

ಸುಮಕ್ಕ: ಮೂರೇ ಮೂರು ಗುಂಡಿಗೆ. ಮೂರರಿಂದ ಬಂದ 6 ಅಂದ್ರೆ, ನಿಜವಾದ್ದು 3 ಇರಬಹುದು, 38 ಕೂಡ ಇರಬಹುದು. ನೂರಕ್ಕೆ 95 ಭರವಸೆಯಲ್ಲಿ ಹೇಳೋಕಾಗೋದು ಅಷ್ಟೇ. ಅದೇ 6 ಮೂವತ್ತು ಗುಂಡಿಂದ ಬಂದಿದ್ರೆ 5ರಿಂದ 8ರೊಳಗೆ ಅನ್ನಬಹುದಿತ್ತು.

ಚಿಕ್ಕಪ್ಪ: ಇನ್ನೊಂದು ಮಾತು. 100 ಗಜದಲ್ಲಿ ವೇಗ 30 ಅಡಿ ಆಚೀಚೆ ಆದ್ರೂ ಕಾಗದದ ಮೇಲೆ ಕಣ್ಣಿಗೆ ಕಾಣಲ್ಲ. 1000 ಗಜದಲ್ಲಿ ಅಂಗುಲಗಟ್ಟಲೆ ಮೇಲೆ ಕೆಳಗೆ ಆಗುತ್ತೆ. ಅಳಿಯಂದಿರೇ, ನೀವು ಎಷ್ಟು ದೂರ ಹೊಡೆಯೋದು?

ಭಾವ: 200 ಗಜ ಮಾವ

ಚಿಕ್ಕಪ್ಪ: ಮತ್ತೆ ಎಸ್‌ಡಿ ಹಿಂದೆ ಯಾಕೆ ಬಿದ್ದಿದ್ದೀರಿ! ಏಳನೇ ಲೋಡಿನ ಅಕ್ಕಪಕ್ಕ ನೋಡಿ. ಕೆಳಗಿನದು 1.1, ಮೇಲಿನದು 1.35. ನಿಮ್ಮ ತಕ್ಕಡಿಯೇ 0.1 ಗ್ರೇನ್ ಆಚೀಚೆ ತೋರಿಸುತ್ತೆ. ಏಳನೇದು ನಿಜಕ್ಕೂ ಒಳ್ಳೇದಾಗಿದ್ರೂ ಅಷ್ಟು ಕಿರಿದಾದ ಜಾಗದಲ್ಲಿ ನಿಲ್ಲೋಕಾಗಲ್ಲ, ಬಿಸಿಲು ಏರಿದ್ರೆ ವೇಗ ಬದಲಾಗಿ ಜಾರಿಹೋಗುತ್ತೆ. ಅಕ್ಕಪಕ್ಕದವೂ ಚೆನ್ನಾಗಿರೋ ಅಗಲವಾದ ಜಾಗ ಹುಡುಕಬೇಕು. ಆಡೆಟ್ ಅನ್ನೋ ಶೂಟರ್ ಹೆಸರಿನ ಏಣಿ ಪರೀಕ್ಷೆ ಅದಕ್ಕೇ ಇದ್ದದ್ದು. ಮದ್ದು ಸ್ವಲ್ಪ ಸ್ವಲ್ಪ ಏರಿಸಿ ಒಂದೊಂದೇ ಗುಂಡು ದೂರದ ಗುರಿಗೆ ಹೊಡೆದು, ಎಲ್ಲಿ ಗುಂಡುಗಳು ಒಂದೇ ಎತ್ತರದಲ್ಲಿ ಗುಂಪಾಗ್ತವೆ ಅಂತ ನೋಡೋದು.

ಸುಮಕ್ಕ: ಚಿಕ್ಕಪ್ಪ, ಮೂರೇ ಸಾಲಲ್ಲ ಅಂತಿದ್ದೀನಿ, ನೀವು ಒಂದಕ್ಕೆ ಇಳಿಸಿದ್ರಿ!

ಚಿಕ್ಕಪ್ಪ: ಒಂದೇ ಗುಂಡನ್ನ ನಂಬೋದಲ್ಲಮ್ಮ, ಸಾಲನ್ನ ನೋಡೋದು. ಎಷ್ಟು ಬ್ಯಾರೆಲ್ ಸವೆಸಿದ್ದೀನಿ, ನನಗೆ ಅದು ಕೆಲಸ ಮಾಡಿದೆ.

ಸುಮಕ್ಕ: ಅದೇ ಏಣಿಯನ್ನ ಮಾರನೇ ದಿನ ಇನ್ನೊಮ್ಮೆ ಹತ್ತಿದ್ರಾ? ಗುಂಪು ಅದೇ ಮೆಟ್ಟಿಲಲ್ಲಿ ಬಂತಾ?

ಚಿಕ್ಕಪ್ಪ: ಒಂದ್ಸಲ ಬಂತು.

ಸುಮಕ್ಕ: ಎಷ್ಟು ಸಲದಲ್ಲಿ

ಚಿಕ್ಕಪ್ಪ: ಮೊದಲು ನಿನ್ನ ಗಂಡನದ್ದು ಇತ್ಯರ್ಥ ಮಾಡು.

ನಾನು: ಹಾಗಾದ್ರೆ ನಾಳೆ ಭಾವ ಎರಡೇ ಲೋಡು ತುಂಬ್ಲಿ. ಏಳನೇದು, ಎಂಟನೇದು. ಒಂದೊಂದಕ್ಕೆ ಹತ್ತು ಗುಂಡು, ಒಂದು ಇದರದ್ದು ಒಂದು ಅದರದ್ದು ಅಂತ ಬದಲಾಯಿಸ್ತಾ ಹೊಡೀಲಿ. ಬ್ಯಾರೆಲ್ ಬಿಸಿಯಾದ್ರೂ ಗಾಳಿ ತಿರುಗಿದ್ರೂ ಎರಡಕ್ಕೂ ಸಮ.

ಸುಮಕ್ಕ: ಈಗಲೇ ಹೇಳ್ತೀನಿ. ಹತ್ತು ಗುಂಡಿನ ಗ್ರೂಪ್ ಸರಾಸರಿಯಲ್ಲಿ ಮೂರರದ್ದಕ್ಕಿಂತ ಒಂದೂವರೆ ಪಟ್ಟು ಚಿಲ್ಲರೆ. 0.85ಕ್ಕೆ ಲೆಕ್ಕ ಹಾಕಿದ್ರೆ ಎರಡೂ 1.3ರ ಆಸುಪಾಸು ಬರ್ತವೆ.

ಭಾವ: ಏಳನೇದು ಮುಕ್ಕಾಲು ಅಂಗುಲ ದಾಟಲ್ಲ. ಬರೆದಿಟ್ಕೋ.

(ಭಾನುವಾರ ಸಂಜೆಯವರೆಗೆ ಭಾವ ನಾಪತ್ತೆ. ನೀಲಿ ಗುರುತು ಮಾತ್ರ ಬೀಳ್ತಿತ್ತು.)

ಸುಮಕ್ಕ: (ಚಿತ್ರ) (ಚಿತ್ರ)

ಸುಮಕ್ಕ: ಏಳನೇದು 1.31. ಎಂಟನೇದು 1.24.

ಚಿಂಟು: ಅಯ್ಯೋ ಭಾವ

ಚಿಕ್ಕಪ್ಪ: ಬೇಜಾರೇನಿಲ್ಲ ಅಳಿಯಂದಿರೇ. ಎರಡೂ ಒಂದೇ ಅಂದ್ಮೇಲೆ ಕಡಿಮೆ ಮದ್ದಿನದನ್ನೇ ಇಟ್ಕೊಳ್ಳಿ, ಕೇಸ್ ಸ್ವಲ್ಪ ಹೆಚ್ಚು ಬಾಳುತ್ತೆ. ಗ್ರೂಪ್ ಕಿರಿದಾಗಬೇಕಂದ್ರೆ ಬೇರೆ ಬುಲೆಟ್ ತಂದು ನೋಡಿ. ಮದ್ದು 0.2 ಆಚೀಚೆ ಮಾಡೋದಕ್ಕಿಂತ ಅದು ದೊಡ್ಡ ವ್ಯತ್ಯಾಸ ತೋರಿಸುತ್ತೆ. ಹೊಸ ಬುಲೆಟ್ ಅಂದ್ರೆ ಮತ್ತೆ ಪಟ್ಟಿಯ ಕೆಳಗಿಂದಲೇ ಶುರು, ನೆನಪಿರಲಿ.

ಭಾವ: ಸರಿ ಮಾವ.

ಭಾವ: ಏಳನೇದರಲ್ಲಿ ಮೊದಲ ಮೂರು ಗುಂಡು ಆದಾಗ ಸ್ಕೋಪಿಂದ ಒಂದು ಫೋಟೋ ತೆಗೆದಿದ್ದೆ. ಅರ್ಧ ಅಂಗುಲ ಇತ್ತು. ಹಾಕ್ಲಾ?